ಟಿಟಿಸಿ ಪುಡಿ, 10 ಗ್ರಾಂ ಬಾಟಲಿ: ಎರಡು ವರ್ಷ ಬಳಸಿದ ಮೇಲೆ

ನಮ್ಮ ಲ್ಯಾಬಿನಲ್ಲಿ ಲಕ್ಷಗಟ್ಟಲೆ ಬೆಲೆಯ ಮಷೀನುಗಳಿವೆ. ಆದರೂ ಇಲಿಯ ಹೃದಯದಲ್ಲಿ ಎಷ್ಟು ಭಾಗ ಸತ್ತಿದೆ ಅಂತ ಬರಿಗಣ್ಣಿಗೆ ತೋರಿಸುವುದು ಈ ಬಿಳಿ ಪುಡಿಯೇ. ಪೂರ್ತಿ ಹೆಸರು ಟ್ರೈಫೀನೈಲ್ ಟೆಟ್ರಜೋಲಿಯಂ ಕ್ಲೋರೈಡ್. ಹಾಗಂತ ಯಾರೂ ಕರೆಯುವುದಿಲ್ಲ, ಟಿಟಿಸಿ ಅಷ್ಟೇ.

ನಮ್ಮ ಕೆಲಸ ರೀಪರ್ಫ್ಯೂಷನ್ ಗಾಯದ ಮೇಲೆ, ಅಂದರೆ ನಿಂತ ರಕ್ತ ಮತ್ತೆ ಹರಿದಾಗ ಆಗುವ ಗಾಯ. ಹೃದಯಾಘಾತ ಆದಾಗ ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ತ ವಾಪಸ್ ಬಂದ ಮೊದಲ ಕೆಲವು ನಿಮಿಷಗಳಲ್ಲೇ ಇನ್ನಷ್ಟು ಜೀವಕೋಶಗಳು ಸಾಯುತ್ತವೆ. ಕರೆಂಟ್ ಇಲ್ಲದಾಗ ಸುಮ್ನೆ ನಿಂತಿದ್ದ ಪಂಪ್‌ಸೆಟ್ ಮೋಟಾರು ಕರೆಂಟ್ ಬಂದ ಕೂಡಲೇ ಸುಟ್ಟುಹೋಗುತ್ತದೆ ಅಲ್ವಾ, ಹೆಚ್ಚುಕಡಿಮೆ ಹಾಗೆ. ಆಕ್ಸಿಜನ್ ಒಮ್ಮೆಲೇ ನುಗ್ಗಿ ಫ್ರೀ ರ‍್ಯಾಡಿಕಲ್ ಅನ್ನುವ ಹಾನಿಕಾರಕ ಕಣಗಳು ಹುಟ್ಟುತ್ತವೆ, ಕೋಶದೊಳಗೆ ಕ್ಯಾಲ್ಸಿಯಂ ತುಂಬಿಕೊಳ್ಳುತ್ತದೆ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕೈಕೊಡುತ್ತವೆ, ಅದರ ಬೆನ್ನಿಗೇ ನ್ಯೂಟ್ರೊಫಿಲ್ ಅನ್ನುವ ಬಿಳಿ ರಕ್ತಕಣಗಳ ದಂಡು ಬಂದು ಉರಿಯೂತ ಶುರುವಾಗುತ್ತದೆ.

ಬಳಸುವುದು ಸುಲಭ. 100 ಎಂಎಲ್ ಫಾಸ್ಫೇಟ್ ಬಫರಿಗೆ 1 ಗ್ರಾಂ ಪುಡಿ. ಇಲಿಯ ಹೃದಯದ ರಕ್ತನಾಳವನ್ನು ಅರ್ಧ ಗಂಟೆ ಕಟ್ಟಿ, ಬಿಚ್ಚಿ, ರಕ್ತ ಹರಿಯಲು ಬಿಟ್ಟು, ಕೊನೆಗೆ ಅದೇ ಜಾಗದಲ್ಲಿ ಮತ್ತೆ ಕಟ್ಟಿ ಇವಾನ್ಸ್ ಬ್ಲೂ ಬಣ್ಣ ಕೊಡುತ್ತೇವೆ. ಆಮೇಲೆ ಹೃದಯವನ್ನು ಫ್ರೀಜರಿನಲ್ಲಿ ಸ್ವಲ್ಪ ಗಟ್ಟಿ ಮಾಡಿ 2 ಎಂಎಂ ದಪ್ಪದ ಬಿಲ್ಲೆಗಳಾಗಿ ಕೊಯ್ದು, 37 ಡಿಗ್ರಿಯಲ್ಲಿ ಈ ದ್ರಾವಣದಲ್ಲಿ ಅದ್ದಿಡುವುದು. ಹದಿನೈದು ನಿಮಿಷ ಬಿಟ್ಟು ನೋಡಿ. ರಕ್ತ ನಿಲ್ಲದೇ ಇದ್ದ ಕಡೆ ನೀಲಿ. ರಕ್ತ ನಿಂತರೂ ಬದುಕಿಕೊಂಡ ಕಡೆ ಇಟ್ಟಿಗೆ ಕೆಂಪು. ಸತ್ತ ಭಾಗ ಮಾತ್ರ ಕೊಬ್ಬರಿ ತುಂಡಿನ ಹಾಗೆ ಬಿಳಿಚಿಕೊಂಡು ಉಳಿಯುತ್ತದೆ. ಟಿಟಿಸಿಯನ್ನು ಕೆಂಪಾಗಿಸುವುದು ಬದುಕಿದ ಕೋಶದಲ್ಲಿರುವ ಡಿಹೈಡ್ರೋಜಿನೇಸ್ ಕಿಣ್ವಗಳ ಕೆಲಸ. ನೂರನೇ ಸಲ ನೋಡುವಾಗಲೂ ನನಗೆ ಖುಷಿಯೇ. ಬೀಜ ಪರೀಕ್ಷೆ ಮಾಡುವ ಗೆಳತಿಗೆ ಫೋಟೋ ತೋರಿಸಿದರೆ ಅವಳು ನಕ್ಕಳು. ಬೀಜಕ್ಕೆ ಜೀವ ಇದೆಯಾ ಅಂತ ನೋಡಲು ಅವರೂ ಇದೇ ಪುಡಿ ಬಳಸುತ್ತಾರಂತೆ.

ಆತುರ ಮಾಡಿದರೆ ಮಾತ್ರ ಮೋಸ ಹೋಗುತ್ತೀರಿ. ಶುರುವಿನಲ್ಲಿ ನಾನು ರಕ್ತ ಬಿಟ್ಟ ಅರ್ಧ ಗಂಟೆಗೇ ಹೃದಯ ತೆಗೆದು ಬಣ್ಣಕ್ಕೆ ಹಾಕಿದ್ದೆ. ಎಲ್ಲಾ ಕೆಂಪು! ನಾವು ಪರೀಕ್ಷಿಸುತ್ತಿದ್ದ ಔಷಧ ಕೆಲಸ ಮಾಡಿತು ಅಂತ ಕುಣಿದಾಡಿದೆ. ಗೈಡ್ ಮೇಡಂ ಒಂದೇ ಮಾತು ಕೇಳಿದರು, "ಎಷ್ಟು ಹೊತ್ತು ಬಿಟ್ಟಿದ್ದೆ?" ಸತ್ತ ಕೋಶದಿಂದ ಕಿಣ್ವ ತೊಳೆದುಹೋಗಲು ಸಮಯ ಬೇಕು. ಕನಿಷ್ಠ ಎರಡು ಗಂಟೆ ಬಿಡಿ.

ಇನ್ನು ಉರಿಯೂತ ಎಷ್ಟಿದೆ ಅಂತ ಇದು ಹೇಳುವುದಿಲ್ಲ. ಎಷ್ಟು ಸತ್ತಿತು ಅನ್ನುವುದು ಗೊತ್ತಾಗುತ್ತದೆ, ಯಾಕೆ ಸತ್ತಿತು ಅನ್ನುವುದಿಲ್ಲ. ನ್ಯೂಟ್ರೊಫಿಲ್ ಲೆಕ್ಕಕ್ಕೆ ಅವುಗಳ ಕಿಣ್ವ ಅಳೆಯುವ ಎಂಪಿಒ ಪರೀಕ್ಷೆ, ಉರಿಯೂತದ ಪ್ರೋಟೀನ್ ಟಿಎನ್ಎಫ್ ಅಳೆಯಲು ಎಲೈಸಾ ಕಿಟ್ ಅಂತ ಬೇರೆ ಖರ್ಚು ಇದ್ದೇ ಇದೆ. ಬಿಳಿ ಭಾಗ ಚಿಕ್ಕದಾಯಿತು ಅಂತ ಜಾಸ್ತಿ ಬೀಗುವುದೂ ಬೇಡ. ಸೈಕ್ಲೋಸ್ಪೋರಿನ್ ಅನ್ನುವ ಔಷಧ ಪ್ರಾಣಿಗಳಲ್ಲಿ ಚೆನ್ನಾಗಿಯೇ ಕಂಡಿತ್ತು, 2015ರಲ್ಲಿ 970 ರೋಗಿಗಳ ಮೇಲೆ ನೋಡಿದಾಗ ಪ್ರಯೋಜನ ಕಾಣಲಿಲ್ಲ. ತೋಳಿಗೆ ಬಿಪಿ ಪಟ್ಟಿ ಕಟ್ಟಿ ಉಬ್ಬಿಸಿ ಬಿಡುವ ಉಪಾಯವೂ 2019ರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರಲ್ಲಿ ಹಾಗೇ ಆಯಿತು. ಅದು ಪುಡಿಯ ತಪ್ಪಲ್ಲ ಬಿಡಿ.

ಒಂದು ಸ್ಟಾರ್ ಕಡಿಮೆ ಕೊಡುತ್ತಿರುವುದು ಪ್ಯಾಕಿಂಗಿಗೆ. ಟಿಟಿಸಿಗೆ ಬೆಳಕು ಆಗುವುದಿಲ್ಲ. ಅದು ಗೊತ್ತಿದ್ದೂ ಎರಡನೇ ಸಲ ಒಬ್ಬ ಡೀಲರ್ ಚಿಕ್ಕ ಪಾರದರ್ಶಕ ಡಬ್ಬಿಗೆ ಸುರಿದು ಕಳಿಸಿದ. ತೆರೆದಾಗ ಪುಡಿ ಹಳದಿಗೆ ತಿರುಗಿ ಗಂಟುಕಟ್ಟಿತ್ತು. ಫೋನ್ ಮಾಡಿದರೆ "ಫೋಟೋ ಕಳಿಸಿ ಸಾರ್" ಅಂದ, ಕಳಿಸಿದೆ, ಆಮೇಲೆ ಪತ್ತೆಯೇ ಇಲ್ಲ. ಈಗ ಕಂದು ಗಾಜಿನ ಸೀಲ್ ಬಾಟಲಿಯಾದರೆ ಮಾತ್ರ ತೆಗೆದುಕೊಳ್ಳುತ್ತೇನೆ. ದ್ರಾವಣ ಆಯಾ ದಿನವೇ ಮಾಡಿ, ಫಾಯಿಲ್ ಸುತ್ತಿಡಿ. ಒಂದು ಹೃದಯಕ್ಕೆ 20 ಎಂಎಲ್ ಅಂತ ಹಿಡಿದರೂ ಒಂದು ಬಾಟಲಿಗೆ ಐವತ್ತು ಹೃದಯ ಬರುತ್ತದೆ. ಗ್ಲೌಸ್ ಮರೆಯಬೇಡಿ.