ಮಳೆಗಾಲ ನಾಲ್ಕು, ಫೋನು ಮೂರು: ಕಾಫಿ ಸೀಮೆಯ ರಿಪೇರಿ ಅಂಗಡಿಗೆ ಯಾವುದು ಒಗ್ಗಿತು

ಚಿಕ್ಕಮಗಳೂರಿನಲ್ಲಿ ನಮ್ಮದು ತೋಟದ ಮೆಷಿನ್ ರಿಪೇರಿ ಅಂಗಡಿ. ಕಳೆ ಹೊಡೆಯುವ ವೀಡ್ ಕಟರ್, ಎಚ್‌ಟಿಪಿ ಸ್ಪ್ರೇ ಪಂಪು (ಹೆಚ್ಚು ಒತ್ತಡದಲ್ಲಿ ಔಷಧಿ ಸಿಂಪಡಿಸುವುದು), ಸ್ಪ್ರಿಂಕ್ಲರ್‌ನ ಡೀಸೆಲ್ ಇಂಜಿನ್, ಸುಗ್ಗಿ ಬಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್. ನಾನು, ನನ್ನ ತಮ್ಮ, ಜೊತೆಗೆ ಇಬ್ಬರು ಹುಡುಗರು. ಆಲ್ದೂರು, ಮಲ್ಲಂದೂರು, ಬಾಳೆಹೊನ್ನೂರು, ಮೂಡಿಗೆರೆ ಕಡೆಯಿಂದ ಕೆಲಸ ಬರುತ್ತದೆ. 2021ರ ಕೊನೆಯವರೆಗೂ ಯಾವ ತೋಟದ ಯಾವ ಮೆಷಿನ್‌ಗೆ ಏನು ಹಾಕಿದೆವು ಅನ್ನುವುದೆಲ್ಲ ಉದ್ದನೆಯ ರಿಜಿಸ್ಟರ್‌ನಲ್ಲಿತ್ತು. ಆ ರಿಜಿಸ್ಟರ್ ಬಿಟ್ಟು ಫೋನು, ಟ್ಯಾಬು, ಕ್ಲೌಡು ಅಂತ ಹೊರಟು ಈಗ ನಾಲ್ಕು ಮಳೆಗಾಲ ಕಳೆದಿದೆ. ಸಣ್ಣ ವ್ಯಾಪಾರದವರು ಯಾರಾದರೂ ಇದೇ ದಾರಿ ಹಿಡಿಯುವುದಾದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಯಾಕೆ ಬದಲಾಯಿಸಿದೆವು ಅಂತ ಮೊದಲು ಹೇಳಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ರೊಬಸ್ಟಾ ಕಾಫಿ ಇರುವವರು ಸ್ಪ್ರಿಂಕ್ಲರ್ ಹಚ್ಚಲೇಬೇಕು. ಅರ್ಧ ತೋಟಕ್ಕೆ ನೀರು ಬಿದ್ದು ಇಂಜಿನ್ ನಿಂತರೆ ಹೂವು ಒಟ್ಟಿಗೆ ಬಿಡುವುದಿಲ್ಲ, ವರ್ಷದ ಫಸಲೇ ಹೆಚ್ಚುಕಡಿಮೆ ಆಗುತ್ತದೆ. ಅಂಥ ಒಂದು ರಾತ್ರಿ ಹತ್ತು ಗಂಟೆಗೆ ಒಂದು ತೋಟದ ರೈಟ್ರು (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರು) ಫೋನ್ ಮಾಡಿ, "ಅಣ್ಣಾ, ಹೋದ ವರ್ಷ ನಮ್ಮ ಇಂಜಿನ್‌ಗೆ ಹಾಕಿದ್ದು ಯಾವ ನಾಜಲ್ಲು? ಮಂಗಳೂರಿಗೆ ಹೋದ ಹುಡುಗ ಅಲ್ಲೇ ಇದ್ದಾನೆ, ಈಗ ಹೇಳಿದ್ರೆ ಬೆಳಿಗ್ಗೆ ತರ್ತಾನೆ" ಅಂದರು. ರಿಜಿಸ್ಟರ್ ಅಂಗಡಿಯಲ್ಲಿ, ನಾನು ನೆಂಟರ ಮನೆಯಲ್ಲಿ. ಒಂದು ದಿನ ನೀರು ನಿಂತಿತು. ಇಂಥ ಹೊತ್ತಿಗೆ ಉತ್ತರ ಕೊಡದ ಯಾವ ಸಾಧನವೂ ನನಗೆ ಬೇಡ. ನಾನು ಎಲ್ಲವನ್ನೂ ಅಳೆದದ್ದು ಇದೇ ಕೋಲಿನಿಂದ.

ಫೋನಿನ ವಿಷಯ. ಮೊದಲು ಕೊಂಡದ್ದು ಕಡಿಮೆ ಬೆಲೆಯದು, ಕಂಪನಿ ಹೆಸರು ಬೇಡ. ಮೊದಲ ಜುಲೈನಲ್ಲೇ ಚಾರ್ಜಿಂಗ್ ಜಾಗದಲ್ಲಿ ಪಸೆ ಹಿಡಿದು ಸತ್ತಿತು. ಆಮೇಲೆ ಫೋನ್ ಕೊಳ್ಳುವಾಗ ನಾನು ಕ್ಯಾಮೆರಾ ನೋಡುವುದಕ್ಕೆ ಮುಂಚೆ ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಅಂಕಿ ನೋಡಿದೆ. 2023ರಲ್ಲಿ ತೆಗೆದುಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ34ಕ್ಕೆ ಐಪಿ67 ಇದೆ. ಅಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ತಡೆಯುವ ಪರೀಕ್ಷೆ. ತಮ್ಮನ ಹತ್ತಿರ ಐಫೋನ್ 13 ಇದೆ, ಅದು ಐಪಿ68. ಎರಡೂ ಮಳೆ ತಡೆದಿವೆ. ಆದರೆ ಈ ಪರೀಕ್ಷೆ ನಡೆಯುವುದು ಶುದ್ಧ ನೀರಿನಲ್ಲಿ. ಪೆಟ್ರೋಲ್, ಆಯಿಲ್, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಸುಣ್ಣ ಮೈಲುತುತ್ತಕ್ಕೆ ಆ ಅಂಕಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇನ್ನೊಂದು: ಹೆಚ್ಚಿನ ಫೋನುಗಳಲ್ಲಿ ನೆನೆದ ಪರದೆಯ ಮೇಲೆ ನೀರಿನ ಹನಿಯೂ ಬೆರಳಿನ ಹಾಗೇ ಕೆಲಸ ಮಾಡುತ್ತದೆ, ಒತ್ತಿದ್ದು ಒಂದು, ತೆರೆಯುವುದು ಇನ್ನೊಂದು. ಗ್ರೀಸ್ ಮೆತ್ತಿದ ಬೆರಳಚ್ಚು ಹಿಡಿಯುವುದಿಲ್ಲ. ನಾವೆಲ್ಲ ಪಿನ್ ಇಟ್ಟುಕೊಂಡೆವು, ಗಲಾಟೆ ಮುಗಿಯಿತು.

ಕೈ ಕೊಳೆಯಾಗಿದ್ದಾಗ ನನಗೆ ನಿಜವಾಗಿ ಆಸರೆಯಾದದ್ದು ಗೂಗಲ್ ಕೀಬೋರ್ಡ್ ಆದ ಜಿಬೋರ್ಡ್‌ನಲ್ಲಿ ಕನ್ನಡದಲ್ಲಿ ಮಾತಾಡಿ ಬರೆಸುವುದು. "ಕ್ಲಚ್ ಶೂ ಸವೆದಿದೆ, ಕಾರ್ಬ್ಯುರೇಟರ್ ಡಯಾಫ್ರಮ್ ಹೊಸದು" ಅಂತ ಹೇಳಿದರೆ ಕನ್ನಡ ಅಕ್ಷರದಲ್ಲೇ ಬೀಳುತ್ತದೆ. ನಮ್ಮ ಹುಡುಗರಲ್ಲಿ ಒಬ್ಬ ಇಂಗ್ಲಿಷ್ ಅಕ್ಷರಕ್ಕೆ ಹೆದರಿ ಏನನ್ನೂ ಬರೆಯುತ್ತಿರಲಿಲ್ಲ. ಈಗ ಅವನ ದಾಖಲೆಯೇ ಎಲ್ಲರಿಗಿಂತ ಪೂರ್ತಿಯಾಗಿರುತ್ತದೆ. ಇದಕ್ಕಾಗಿ ನಾನು ಎಷ್ಟು ಬೇಕಾದರೂ ಹೊಗಳಲು ತಯಾರು.

ಟ್ಯಾಬ್ ಎರಡು ಇವೆ. ಕೌಂಟರ್‌ನಲ್ಲಿ ಗ್ಯಾಲಕ್ಸಿ ಟ್ಯಾಬ್ ಎ8, ಕೆಲಸದ ಮೇಜಿನ ಮೇಲೆ ಒಂಬತ್ತನೇ ಪೀಳಿಗೆಯ ಐಪ್ಯಾಡ್. ಮೊದಲನೆಯದರ ಪರದೆ 10.5 ಇಂಚು, ಎರಡನೆಯದು 10.2, ಅಳತೆಯಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ಪಾರ್ಟ್ಸ್ ಬುಕ್ಕಿನ ಪಿಡಿಎಫ್‌ನಲ್ಲಿ ಗೇರ್ ಹೆಡ್ ಬಿಚ್ಚಿಟ್ಟ ಚಿತ್ರವನ್ನು ದೊಡ್ಡದು ಮಾಡಿ ನಂಬರ್ ಓದುವುದಕ್ಕೆ ಐಪ್ಯಾಡ್ ಹಿತ. ಆದರೆ ಅದಕ್ಕೆ ಮೆಮೊರಿ ಕಾರ್ಡ್ ಹಾಕುವ ಜಾಗವಿಲ್ಲ, ಚಾರ್ಜಿಂಗ್ ಲೈಟ್ನಿಂಗ್ ಕೇಬಲ್. ಟ್ಯಾಬ್ ಎ8ಕ್ಕೆ ಕಾರ್ಡೂ ಹಾಕಬಹುದು, ನನ್ನ ಫೋನಿನ ಟೈಪ್-ಸಿ ಕೇಬಲ್ಲೇ ಸಾಕು, 7040 ಎಂಎಎಚ್ ಬ್ಯಾಟರಿ. ಕರೆಂಟ್ ಹೋದ ದಿನ ಒಂದೇ ಪವರ್ ಬ್ಯಾಂಕಿನಲ್ಲಿ ಅಂಗಡಿ ನಡೆಸುವವರಿಗೆ ಕೇಬಲ್ ಒಂದೇ ಆಗಿರುವುದು ದೊಡ್ಡ ಅನುಕೂಲ. ಹೆಚ್ಚು ವರ್ಷ ಇಟ್ಟುಕೊಳ್ಳುವವರಿಗೆ ಮಾತ್ರ ಐಪ್ಯಾಡ್ ಕಡೆ ತಕ್ಕಡಿ ವಾಲುತ್ತದೆ: 2021ರಲ್ಲಿ ಬಂದ ಈ ಮಾದರಿಗೆ 2024ರ ಐಪ್ಯಾಡ್‌ಒಎಸ್ 18 ಕೂಡ ಸಿಕ್ಕಿತು. ಇವತ್ತು ಒಂದೇ ಕೊಳ್ಳಬೇಕೆಂದರೆ ನಾನು ಆಂಡ್ರಾಯ್ಡ್ ಟ್ಯಾಬನ್ನೇ ಕೊಳ್ಳುತ್ತೇನೆ, ಸಿಮ್ ಹಾಕುವ ಮಾದರಿಯನ್ನೇ.

ಇನ್ನು ಕ್ಲೌಡ್. ಗೂಗಲ್ ಬಿಟ್ಟಿ ಕೊಡುವುದು 15 ಜಿಬಿ, ಅದರಲ್ಲಿ ಮೇಲ್, ಡ್ರೈವ್, ಫೋಟೊ ಮೂರೂ ಸೇರಿ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ 5 ಜಿಬಿ, ಆಪಲ್‌ನ ಐಕ್ಲೌಡ್ 5 ಜಿಬಿ. 2021ರ ಜೂನ್ 1ರವರೆಗೆ ಗೂಗಲ್ ಫೋಟೊಸ್‌ನಲ್ಲಿ ಸ್ವಲ್ಪ ಕುಗ್ಗಿಸಿದ ಚಿತ್ರಗಳಿಗೆ ಲೆಕ್ಕವೇ ಇರಲಿಲ್ಲ, ಆಮೇಲೆ ಅವೂ ಲೆಕ್ಕಕ್ಕೆ ಬಂದವು. ನಮ್ಮ ಲೆಕ್ಕ ಹೀಗೆ: ದಿನಕ್ಕೆ ಆರು ಮೆಷಿನ್, ಒಂದಕ್ಕೆ ನಾಲ್ಕು ಫೋಟೊ, ಫೋಟೊಗೆ ಮೂರೂವರೆ ಎಂಬಿ. ದಿನಕ್ಕೆ 84 ಎಂಬಿ ಆಯಿತು. 15 ಜಿಬಿ ಆರು ತಿಂಗಳಿಗೆ ತುಂಬುತ್ತದೆ. ಹಾಗಾಗಿ ತಿಂಗಳಿಗೆ 130 ರೂಪಾಯಿ ಕಟ್ಟಿ 100 ಜಿಬಿ ತೆಗೆದುಕೊಂಡೆ. ಲೆಕ್ಕವೆಲ್ಲ ಎಕ್ಸೆಲ್‌ನಲ್ಲೇ ಇರುವವರಿಗೆ, ಆಡಿಟರ್ ಎಕ್ಸೆಲ್ಲೇ ಕೇಳುವವರಿಗೆ ಮೈಕ್ರೋಸಾಫ್ಟ್ 365 ಪರ್ಸನಲ್ ವಾಸಿ, ಅದರ ಜೊತೆ 1 ಟಿಬಿ ಜಾಗ ಬರುತ್ತದೆ. ನನಗೆ ಅಷ್ಟು ಬೇಕಿರಲಿಲ್ಲ.

ಮೆಷಿನ್ ದಾಖಲೆ ಇರುವುದು ಗೂಗಲ್ ಶೀಟ್ಸ್‌ನಲ್ಲಿ: ತೋಟ, ಮೆಷಿನ್ ನಂಬರ್, ಹಾಕಿದ ಪಾರ್ಟು, ತಾರೀಕು, ಅಷ್ಟೇ. ಆ ಫೈಲನ್ನು ಫೋನಿನಲ್ಲಿ ಆಫ್‌ಲೈನ್‌ಗೆ ಇಟ್ಟುಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ. ಕೊಟ್ಟಿಗೆಹಾರ ದಾಟಿದ ಮೇಲೆ ನೆಟ್‌ವರ್ಕ್ ನಂಬಿ ಹೋದರೆ ಕೆಲಸ ಕೆಟ್ಟಿತು. ಆಫ್‌ಲೈನ್‌ನಲ್ಲಿ ಬರೆದದ್ದು ಊರಿಗೆ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಇಬ್ಬರು ಶೀಟಿನ ಒಂದೇ ಚೌಕವನ್ನು ತಿದ್ದಿದರೆ ಗೊಂದಲ, ಅದಕ್ಕೆ ತಮ್ಮನಿಗೊಂದು ಕಾಲಂ, ನನಗೊಂದು ಕಾಲಂ.

ಹುಡುಗನೊಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಸ್ಪ್ರೇ ಪಂಪುಗಳ ಇಡೀ ಪಟ್ಟಿ ಅವನ ಸ್ವಂತ ಜಿಮೇಲ್‌ನಲ್ಲಿ ಶುರುವಾಗಿತ್ತು. ಫೈಲ್ ಯಾರ ಖಾತೆಯಲ್ಲಿ ಹುಟ್ಟಿತೋ ಒಡೆತನ ಅವರದು. ಅವರು ಅಳಿಸಿದರೆ ನಮಗೂ ಹೋಯಿತು. ಒಳ್ಳೆಯ ಹುಡುಗ, ಕೇಳಿದ ದಿನವೇ ಒಡೆತನ ನನ್ನ ಹೆಸರಿಗೆ ಬಿಟ್ಟುಕೊಟ್ಟ. ಈಗ ಅಂಗಡಿ ಹೆಸರಲ್ಲೇ ಒಂದು ಖಾತೆ ಇದೆ, ಎಲ್ಲ ಫೈಲೂ ಅಲ್ಲೇ ಹುಟ್ಟಬೇಕು.

ಅತಿ ಹೆಚ್ಚು ನೋವು ಕೊಟ್ಟದ್ದು ಒಂದು ಬಿಲ್ಲಿಂಗ್ ಆ್ಯಪ್. ಇದರ ಹೆಸರನ್ನೂ ಹೇಳುವುದಿಲ್ಲ. ಎರಡು ವರ್ಷ ಚೆನ್ನಾಗಿ ನಡೆಯಿತು. ಮೂರನೇ ವರ್ಷ ನವೀಕರಣದ ದರ ಒಮ್ಮೆಲೇ ಏರಿತು. ಬೇಡ ಅಂದುಕೊಂಡು ಹಳೆಯ ಬಿಲ್ಲುಗಳನ್ನು ಹೊರತೆಗೆಯಲು ಹೋದರೆ ಒಂದೊಂದೇ ಪಿಡಿಎಫ್ ಆಗಿ ಮಾತ್ರ ಬರುತ್ತಿತ್ತು, ಪಟ್ಟಿಯಾಗಿ ಬರಲಿಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಬಿಟ್ಟು ಹೋಗುವ ಹಾಗಿಲ್ಲ, ಇರುವ ಹಾಗಿಲ್ಲ. ನನ್ನ ತಂಗಿ ದಸರಾ ರಜೆಗೆ ಬಂದವಳು ನಾಲ್ಕು ದಿನ ಕೂತು ಎಲ್ಲವನ್ನೂ ಇಳಿಸಿಕೊಟ್ಟಳು. ಆ ನಾಲ್ಕು ದಿನ ಅವಳು ಮಕ್ಕಳನ್ನು ಕರೆದುಕೊಂಡು ಗಿರಿಗೆ ಹೋಗಬೇಕಿತ್ತು. ಯಾವ ಆ್ಯಪ್‌ಗೇ ಆಗಲಿ ದುಡ್ಡು ಕಟ್ಟುವ ಮುಂಚೆ ಹತ್ತು ಬಿಲ್ ಹಾಕಿ, ಅದನ್ನು ಎಕ್ಸೆಲ್ ಅಥವಾ ಸಿಎಸ್‌ವಿ ಆಗಿ ಹೊರಗೆ ತೆಗೆದು ನೋಡಿ. ಬರದಿದ್ದರೆ ಎಷ್ಟೇ ಚೆಂದವಿದ್ದರೂ ಬೇಡ.

ಒಟಿಪಿ ಬಗ್ಗೆಯೂ ಒಂದು ಮಾತು. ಎರಡು ಹಂತದ ಲಾಗಿನ್ ಖಂಡಿತ ಹಾಕಿಕೊಳ್ಳಿ, ಆದರೆ ಎಸ್‌ಎಂಎಸ್ ಒಂದನ್ನೇ ನಂಬಬೇಡಿ. ತೋಟದಲ್ಲಿ ಟವರ್ ಇಲ್ಲದಿದ್ದರೆ ಎಸ್‌ಎಂಎಸ್ ಬರುವುದಿಲ್ಲ. ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್‌ಗೆ ನೆಟ್‌ವರ್ಕ್ ಬೇಡ. ಗೂಗಲ್ ಕೊಡುವ ಹತ್ತು ಬ್ಯಾಕಪ್ ಕೋಡುಗಳನ್ನು ನಾನು ಪ್ರಿಂಟ್ ಹಾಕಿಸಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವರ್ಷಕ್ಕೆ ಎರಡು ಸಲ, ಸ್ಪ್ರಿಂಕ್ಲರ್ ಕೆಲಸ ಮುಗಿದ ಮೇಲೊಮ್ಮೆ, ಪಲ್ಪರ್ ಕೆಲಸಕ್ಕೆ ಮುಂಚೆ ಒಮ್ಮೆ, ಗೂಗಲ್ ಟೇಕ್‌ಔಟ್‌ನಿಂದ ಎಲ್ಲವನ್ನೂ ಇಳಿಸಿ ಹಾರ್ಡ್ ಡಿಸ್ಕಿಗೆ ಹಾಕುತ್ತೇವೆ.

ಅದೇ ರೈಟ್ರು ಈ ಮಾರ್ಚ್‌ನಲ್ಲೂ ಫೋನ್ ಮಾಡಿದ್ದರು, ರಾತ್ರಿಯೇ. ನಾನು ಊಟಕ್ಕೆ ಕೂತಿದ್ದೆ. ಎಡಗೈಯಲ್ಲೇ ಶೀಟ್ ತೆರೆದು ನಾಜಲ್ ನಂಬರ್ ಓದಿದೆ, ಹಳೆಯ ನಾಜಲ್‌ನ ಫೋಟೊನೂ ಕಳಿಸಿದೆ. "ಸಿಕ್ತು ಬಿಡಣ್ಣಾ, ನೀನು ಊಟ ಮಾಡು" ಅಂದರು.