ಮಳೆ ಊರಿನ ಮನೆಗೆ ಬೆಂಕಿ ಆರಿಸುವ ಸಿಲಿಂಡರ್: 4 ಕೆಜಿಯದ್ದೇ ತಗೊಳ್ಳಿ

ಕೊಡಗಿನ ಮಾದಾಪುರದ ಹತ್ತಿರ ಕಾಫಿ ತೋಟದೊಳಗೆ ನಮ್ಮ ಮನೆ, ಪಕ್ಕದಲ್ಲೇ ಸಣ್ಣ ಹೋಮ್‌ಸ್ಟೇ. ಬೆಂಕಿ ಬಿದ್ದರೆ 101ಕ್ಕೋ 112ಕ್ಕೋ ಫೋನ್ ಮಾಡಬಹುದು. ಆದರೆ ಪೇಟೆಯಿಂದ ಫೈರ್ ಎಂಜಿನ್ ಈ ತಿರುವುಗಳನ್ನೆಲ್ಲ ಹತ್ತಿ ಬರುವಷ್ಟರಲ್ಲಿ ಮಾಡು ಉಳಿಯೋದು ಅನುಮಾನ. ಅದೂ ಜೋರು ಮಳೆಯಲ್ಲಿ ಟವರ್ ಸಿಕ್ಕಿದರೆ! ಹಾಗಾಗಿ 4 ಕೆಜಿಯ ಎಬಿಸಿ ಪೌಡರ್ (ಕಟ್ಟಿಗೆ-ಬಟ್ಟೆ, ಪೆಟ್ರೋಲ್, ಗ್ಯಾಸ್ ಮೂರೂ ಬಗೆಯ ಬೆಂಕಿಗೆ ಆಗುವ ಪುಡಿ) ಸಿಲಿಂಡರ್ ತಂದು ಜಗಲಿ ಬಾಗಿಲ ಪಕ್ಕ ನೇತುಹಾಕಿದ್ದೇವೆ.

ಅಂಗಡಿಯವರು ಮೊದಲು ತೋರಿಸಿದ್ದು 1 ಕೆಜಿಯದ್ದು. ಕಾರಿಗೆ ಸರಿ, ಮನೆಗೆ ಸಾಲದು. ಒತ್ತಿದ ಕೆಲವೇ ಸೆಕೆಂಡಿಗೆ ಖಾಲಿ. 4 ಕೆಜಿಯದ್ದಾದರೂ ಹತ್ತು ಹದಿನೈದು ಸೆಕೆಂಡ್ ಅಷ್ಟೇ. 4 ಕೆಜಿ ಅನ್ನೋದು ಒಳಗಿನ ಪುಡಿಯ ಲೆಕ್ಕ, ತುಂಬಿದಾಗ ಒಟ್ಟು ತೂಕ 6 ಕೆಜಿ ದಾಟುತ್ತದೆ, ಆದರೂ ನಮ್ಮತ್ತೆ ಎತ್ತಿ ನೋಡಿ 'ಹಾಲಿನ ಕ್ಯಾನಿಗಿಂತ ವಾಸಿ' ಅಂದರು. ಐಎಸ್‌ಐ ಗುರುತು, ಐಎಸ್ 15683 ಅನ್ನೋ ನಂಬರ್ (ಇಂಥ ಸಿಲಿಂಡರಿನ ಭಾರತೀಯ ಮಾನಕ), ಒಳಗಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಹಸಿರಲ್ಲಿರೋದು, ಈ ಮೂರನ್ನು ಅಂಗಡಿಯಲ್ಲೇ ನೋಡಿ.

ಉಪಯೋಗಕ್ಕೂ ಬಂತು. ಇನ್ವರ್ಟರ್ ವೈರ್ ಸುಟ್ಟು ಪಕ್ಕದ ಗೋಣಿಚೀಲಕ್ಕೆ ಬೆಂಕಿ ಹತ್ತಿತ್ತು. ನಮ್ಮವರು ಮೇನ್ ಸ್ವಿಚ್ ಆಫ್ ಮಾಡಿದರು. ನಾನು ಪಿನ್ ಎಳೆದು, ಬಾಗಿಲಿಗೆ ಬೆನ್ನು ಹಾಕಿ, ಮೇಲಿನ ಜ್ವಾಲೆ ಬಿಟ್ಟು ಬುಡಕ್ಕೇ ಗುರಿಯಿಟ್ಟು ಆಚೀಚೆ ಆಡಿಸುತ್ತಾ ಹೊಡೆದೆ. ಬೆಂಕಿ ಕೂಡಲೇ ಕೂತಿತು. ಆಮೇಲಿನ ಪಾಡು ಕೇಳಬೇಡಿ! ತಿಳಿ ಹಳದಿ ಪುಡಿ ಫ್ಯಾನಿನ ರೆಕ್ಕೆ ಮೇಲೆ, ಒಣಮೆಣಸಿನ ಡಬ್ಬಿಯೊಳಗೆ, ಹಾಸಿಗೆಯ ಹೊಲಿಗೆಯಲ್ಲಿ. ತೇವ ತಾಗಿದರೆ ಆ ಪುಡಿ ಲೋಹವನ್ನು ತಿನ್ನುತ್ತದೆ, ಅದಕ್ಕೇ ಅವತ್ತೇ ಒರೆಸಬೇಕು. ಬರೀ ಕರೆಂಟ್ ಸಾಮಾನಿಗಾದರೆ ಸಿಒ2 (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಸಿಲಿಂಡರ್ ಚೊಕ್ಕ, ಪುಡಿಯ ಗೋಳಿಲ್ಲ. ಆದರೆ ಭಾರ ಜಾಸ್ತಿ, ಬೆಲೆಯೂ ಜಾಸ್ತಿ.

ಬಾಣಲೆ ಎಣ್ಣೆಗೆ ಬೆಂಕಿ ಹತ್ತಿದರೆ ಮಾತ್ರ ಇದನ್ನು ಎತ್ತಬೇಡಿ. ಪುಡಿಯ ರಭಸಕ್ಕೆ ಎಣ್ಣೆಯೇ ಹಾರುತ್ತದೆ. ಕೈಗೆ ಸಿಗುವಂತಿದ್ದರೆ ಗ್ಯಾಸ್ ಆಫ್ ಮಾಡಿ, ದೊಡ್ಡ ತಟ್ಟೆ ಮುಚ್ಚಿ, ಪೂರ್ತಿ ಆರುವವರೆಗೆ ತೆಗೆಯಬೇಡಿ. ನೀರಂತೂ ಬೇಡವೇ ಬೇಡ.

ನಮ್ಮ ಕಡೆ ಇದಕ್ಕೆ ಶತ್ರು ತೇವ. ನೆಲದ ಮೇಲಿಟ್ಟರೆ ಒಂದೇ ಮಳೆಗಾಲಕ್ಕೆ ತಳ ತುಕ್ಕು ಹಿಡಿಯುತ್ತದೆ, ಗೋಡೆಗೆ ಕೊಕ್ಕೆ ಹೊಡೆಸಿ. ಪುಡಿ ತಳದಲ್ಲಿ ಗಟ್ಟಿಯಾಗದಂತೆ ನಾನು ತಿಂಗಳಿಗೊಮ್ಮೆ ತಲೆಕೆಳಗು ಮಾಡಿ ಅಲುಗಾಡಿಸುತ್ತೇನೆ.

ನನ್ನ ತಕರಾರಿರೋದು ರೀಫಿಲ್ ಮಾಡಿಕೊಟ್ಟವರ ಮೇಲೆ. ಹೊಡೆದ ಮೇಲೆ ತುಂಬಿಸಲೇಬೇಕಲ್ವಾ? ಒಯ್ದವರು ಹೊಸ ಸ್ಟಿಕ್ಕರ್ ಹಚ್ಚಿ ತಂದರು. ಮುಳ್ಳು ಹಸಿರಲ್ಲೇ ಇತ್ತು. ಆದರೆ ವಾಲ್ವ್ ಸುತ್ತ ಜೇಡರ ಬಲೆ, ಕತ್ತಿನ ತುಕ್ಕು ಎರಡೂ ಹಾಗೇ ಇದ್ದವು. ಬಿಚ್ಚಿದ ಗುರುತೇ ಇಲ್ಲ. ಕಾಫಿ ತೂಗುವ ತಕ್ಕಡಿಗೆ ಹಾಕಿದರೆ ಲೇಬಲ್ಲಿನಲ್ಲಿ ಬರೆದದ್ದಕ್ಕಿಂತ ಎರಡು ಕೆಜಿಗೂ ಜಾಸ್ತಿ ಕಮ್ಮಿ. ಸುಮ್ನೆ ಗಾಳಿ ತುಂಬಿ ಕೊಟ್ಟಿದ್ದರು. ದುಡ್ಡು ವಾಪಸ್ ಕೊಟ್ಟರು, ಕಾರಣ ಕೊಡಲಿಲ್ಲ. ಈಗ ಬೇರೆ ಕಡೆ ಒಯ್ಯುತ್ತೇನೆ. ಕಣ್ಣೆದುರೇ ಪುಡಿ ತೂಗಿ ತುಂಬುತ್ತಾರೆ, ಬಿಲ್ಲಿನಲ್ಲಿ ತೂಕ ಬರೆಯುತ್ತಾರೆ.