ತೆಂಗಿನಮರಕ್ಕೆ ಬೆಳಕು ಬಿಟ್ಟ ಎಚ್‌ಐಡಿ: ಪಿಕಪ್‌ನಲ್ಲಿ ಎರಡೂವರೆ ವರ್ಷ

ಮೊದಲೇ ಹೇಳಿಬಿಡುತ್ತೇನೆ, ನನ್ನ ಗಾಡಿಯಲ್ಲಿ ಈಗ ಎಚ್‌ಐಡಿ, ಅಂದರೆ ತಂತಿಯ ಬದಲು ಕಿಡಿಯಿಂದ ಉರಿಯುವ ಬೆಳ್ಳನೆಯ ಹೆಡ್‌ಲೈಟು, ಇಲ್ಲ. 2021ರ ದೀಪಾವಳಿಗೆ ಹಾಕಿಸಿದ್ದು, 2024ರ ಯುಗಾದಿಗೆ ಬಿಚ್ಚಿಸಿದ್ದು. ನಡುವೆ ವಾರಕ್ಕೆ ನಾಲ್ಕು ರಾತ್ರಿ ಬೇಲೂರಿನಿಂದ ಮಂಗಳೂರಿಗೆ ತರಕಾರಿ ಹೊಡೆದಿದ್ದೇನೆ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಅಲ್ಲಿಂದ ಕೆಳಗೆ. ಕೋಸು, ಬೀನ್ಸ್, ಟೊಮೆಟೊ, ಸೀಸನ್ನಿನಲ್ಲಿ ಹಸಿಶುಂಠಿ. ಬಲ್ಬಿನ ವ್ಯಾಟು, ಕೆಲ್ವಿನ್ನು (ಬೆಳಕಿನ ಬಣ್ಣದ ಅಳತೆ, ಹೆಚ್ಚಿದಷ್ಟೂ ನೀಲಿ) ಎಲ್ಲ ಡಬ್ಬಿಯ ಮೇಲೇ ಇರುತ್ತೆ, ಅದನ್ನು ಓದಿಕೊಳ್ಳಿ. ನಾನು ಬರೆಯುತ್ತಿರುವುದು ಡಬ್ಬಿಯ ಮೇಲೆ ಇಲ್ಲದ್ದನ್ನು.

ಹಾಕಿಸಿದ್ದಕ್ಕೆ ಕಾರಣ ಇತ್ತು. ಹಳೇ ಗಾಡಿ, ಲೈಟು ಸೀಮೆಎಣ್ಣೆ ಬುಡ್ಡಿ ತರ. ಮೊದಲು ಎಲ್ಲರೂ ಮಾಡುವ ಹಾಗೆ 60/55 ವ್ಯಾಟಿನ ಮಾಮೂಲಿ ಹ್ಯಾಲೊಜನ್ ಬಲ್ಬು ತೆಗೆದು 100/90 ಬಲ್ಬು ಹಾಕಿದೆ. ಎರಡು ವಾರ ಚೆನ್ನಾಗಿತ್ತು. ಆಮೇಲೊಂದು ರಾತ್ರಿ ಮೂಡಿಗೆರೆ ದಾಟುವಷ್ಟರಲ್ಲಿ ಸುಟ್ಟ ಪ್ಲಾಸ್ಟಿಕ್ ವಾಸನೆ. ಬಾನೆಟ್ ಎತ್ತಿ ನೋಡಿದರೆ ಹೋಲ್ಡರ್ ಕರಗಿ ಬಲ್ಬಿಗೆ ಅಂಟಿಕೊಂಡಿದೆ. ಆ ಸಿಟ್ಟಿನಲ್ಲೇ ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಿಂದ ಎಚ್‌ಐಡಿ ಕಿಟ್ ತಂದೆ. 35 ವ್ಯಾಟು, 6000 ಕೆಲ್ವಿನ್, 2,800 ರೂಪಾಯಿ. ಕೂರಿಸಿದ್ದಕ್ಕೆ ನಮ್ಮೂರ ಎಲೆಕ್ಟ್ರಿಷಿಯನ್ನಿಗೆ 400. "ಹಾಕ್ತೀನಿ ಅಣ್ಣ, ಆದ್ರೆ ನಾನು ಹೇಳ್ದೆ ಅಂತ ಹೇಳ್ಬೇಡಿ" ಅಂದಿದ್ದ. ಆಗ ಅದು ತಮಾಷೆ ಅನ್ನಿಸಿತ್ತು.

ಮೊದಲ ಆರು ತಿಂಗಳು ನನಗೆ ಆ ಲೈಟಿನ ಮೇಲೆ ಪ್ರೀತಿಯೇ ಇತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಲೋಡು ಮುಗಿಯುತ್ತೆ. ಟಾರ್ಪಾಲ್ ಎಳೆದು, ಹಗ್ಗ ಬಿಗಿದು, ಕೈಕಾಲು ತೊಳೆದು, ಡ್ಯಾಶ್‌ಬೋರ್ಡ್ ಮೇಲಿನ ದೇವರಿಗೆ ಎರಡು ಊದುಬತ್ತಿ. ಇಂಜಿನ್ ಸ್ಟಾರ್ಟ್ ಆದ ಮೇಲೇ ಲೈಟು ಹಾಕಬೇಕು, ಇದನ್ನು ನೆನಪಿಡಿ. ಎಚ್‌ಐಡಿ ಬಲ್ಬಿನೊಳಗೆ ಫಿಲಮೆಂಟ್ ತಂತಿ ಇಲ್ಲ. ಜೆನಾನ್ ಗಾಳಿ ತುಂಬಿದ ಪುಟ್ಟ ಗಾಜಿನ ಬುರುಡೆ, ಎರಡು ಕಡ್ಡಿ, ಅವುಗಳ ನಡುವೆ ಕಿಡಿ ಹಾರಬೇಕು. ಆ ಮೊದಲ ಕಿಡಿಗೆ ಚೋಕು, ಅಂದರೆ ಕಿಟ್ಟಿನ ಜೊತೆ ಬರುವ ವೋಲ್ಟು ಏರಿಸುವ ಪೆಟ್ಟಿಗೆ, 20 ಸಾವಿರ ವೋಲ್ಟಿಗೂ ಮೇಲೆ ಒಂದು ಏಟು ಕೊಡುತ್ತೆ. ಅದೇ ಹೊತ್ತಿಗೆ ಸೆಲ್ಫ್ ಹೊಡೆದರೆ ಬ್ಯಾಟರಿ ಕುಸಿದು ಅರ್ಧಕ್ಕೇ ಆರಿಹೋಗುತ್ತೆ, ಮತ್ತೆ ಹೊತ್ತಿಸಬೇಕು. ಹಾಗೆ ಹೊತ್ತಿಸಿ ಆರಿಸಿ ಮಾಡಿದಷ್ಟೂ ಬಲ್ಬಿನ ಆಯಸ್ಸು ಕಮ್ಮಿ.

ಸ್ವಿಚ್ ತಿರುಗಿಸಿದರೆ ಬಾನೆಟ್ ಒಳಗೆ ಟಿಕ್ ಅಂತ ಒಂದು ಸದ್ದು. ವೆಲ್ಡಿಂಗ್ ಅಂಗಡಿಯಲ್ಲಿ ಕಾಣುವಂಥ ನೀಲಿ. ಬಲಗಡೆಯದು ಮೊದಲು ಏಳುತ್ತಿತ್ತು, ಎಡಗಡೆಯದು ಸ್ವಲ್ಪ ಸೋಮಾರಿ. ನೀಲಿ ಹೋಗಿ ಗುಲಾಬಿ, ಗುಲಾಬಿ ಹೋಗಿ ಹಾಲುಬಿಳಿ. ಹತ್ತು ಸೆಕೆಂಡ್ ಇರಬಹುದು. ನನ್ನ ಮಗಳು ಮಲಗದೆ ಬಾಗಿಲಲ್ಲಿ ಕಾಯುತ್ತಿದ್ದಳು, ಇದನ್ನು ನೋಡೋದಕ್ಕೇ. ಅಂಗಳದಾಚೆ ಒಂದು ತೆಂಗಿನಮರ ಇದೆ. ಹಳೇ ಲೈಟಿನಲ್ಲಿ ಅದರ ಬುಡ ಮಾತ್ರ ಕಾಣುತ್ತಿತ್ತು. ಎಚ್‌ಐಡಿ ಬಂದ ಮೇಲೆ ಗೊನೆ ಎಣಿಸಬಹುದಾಗಿತ್ತು, ಗರಿಯ ಸಂದಿಯಿಂದ ಬಾವಲಿ ಹಾರುವುದೂ ಕಾಣುತ್ತಿತ್ತು. "ಇನ್ಮೇಲೆ ಕಾಯಿ ಕೀಳೋರನ್ನ ರಾತ್ರೀನೇ ಕರೀಬೌದು ಕಣೋ" ಅಂತ ಅಮ್ಮ ನಗುತ್ತಿದ್ದರು. ನಾನೂ ನಕ್ಕು, ಹೆಮ್ಮೆಯಿಂದ ಗಾಡಿ ಹೊರಡಿಸುತ್ತಿದ್ದೆ.

ಆನೆಯ ವಿಷಯ ಬರೆಯದಿದ್ದರೆ ಅನ್ಯಾಯವಾಗುತ್ತೆ. ಬೇಲೂರು, ಆಲೂರು, ಸಕಲೇಶಪುರದ ಕಡೆಯವರಿಗೆ ಹೇಳಬೇಕಾಗಿಲ್ಲ, ಕಾಫಿ ತೋಟಗಳಲ್ಲಿ ಆನೆ ಮನೆಮಾಡಿಕೊಂಡಿವೆ. 2022ರ ಫೆಬ್ರವರಿ, ಬಿಕ್ಕೋಡಿನ ಕಡೆ ಬೀನ್ಸ್ ತುಂಬಿಸಿಕೊಂಡು ಬರುತ್ತಿದ್ದೆ. ಒಣ ರಸ್ತೆ, ಎದುರಿಗೆ ಯಾರೂ ಇಲ್ಲ, ಹೈ ಬೀಮ್. ದೂರದಲ್ಲಿ ರಸ್ತೆ ಪಕ್ಕ ಒಂದು ಬಂಡೆ. ಆ ಜಾಗದಲ್ಲಿ ಬಂಡೆ ಇಲ್ಲವಲ್ಲ ಅಂದುಕೊಳ್ಳುವಷ್ಟರಲ್ಲಿ ಬಂಡೆಗೆ ಕಿವಿ ಬಂತು. ಬ್ರೇಕ್ ಒತ್ತಿ, ರಿವರ್ಸ್ ಹಾಕಿ, ಲೈಟು ಆರಿಸಿ ಕೂತೆ. ಹಳೇ ಲೈಟಿದ್ದಿದ್ದರೆ ಅದರ ಕಾಲ ಬುಡಕ್ಕೇ ಹೋಗಿ ನಿಲ್ಲಿಸುತ್ತಿದ್ದೆನೇನೋ. ಆ ಒಂದು ರಾತ್ರಿಗೆ 3,200 ರೂಪಾಯಿ ವಸೂಲಾಯಿತು ಅಂತ ಇವತ್ತಿಗೂ ಹೇಳುತ್ತೇನೆ.

ಜೂನ್ ಬಂತು. ಚಾರ್ಮಾಡಿಯ ಮಳೆಗಾಲ ಗೊತ್ತಿರುವವರಿಗೆ ಗೊತ್ತು. ಕೊಟ್ಟಿಗೆಹಾರದಲ್ಲಿ ಟೀ ಕುಡಿದು ಹೊರಟರೆ ಐದು ನಿಮಿಷಕ್ಕೆ ಮಂಜು ಬಾನೆಟ್ ಮೇಲೇ ಬಂದು ಕೂತಿರುತ್ತೆ. ಹಳೇ ಹಳದಿ ಲೈಟಿನಲ್ಲಿ ಹೆಚ್ಚೇನೂ ಕಾಣದಿದ್ದರೂ ರಸ್ತೆ ಅಂಚಿನ ಬಿಳಿ ಗೆರೆಯಾದರೂ ಕಾಣುತ್ತಿತ್ತು, ಅದನ್ನೇ ಹಿಡಿದು ಇಳಿಯುತ್ತಿದ್ದೆ. ಎಚ್‌ಐಡಿಯಲ್ಲಿ ಎದುರಿಗೆ ಸುಣ್ಣ ಬಳಿದ ಗೋಡೆ. ಬೆಳಕು ಮುಂದಕ್ಕೆ ಹೋಗದೆ ಮಂಜಿಗೆ ಹೊಡೆದು ನನ್ನ ಕಣ್ಣಿಗೇ ವಾಪಸ್ ಬರುತ್ತಿತ್ತು. ಮಂಜಿಲ್ಲದೆ ಬರೀ ಮಳೆ ಇದ್ದರೂ ಅಷ್ಟೇ, ಒದ್ದೆ ಡಾಂಬರು ಕಪ್ಪಗೆ ಎಲ್ಲ ಬೆಳಕನ್ನೂ ನುಂಗಿಹಾಕಿದ ಹಾಗೆ. ಹೂವಿನ ಅಂಗಡಿಯಿಂದ ಹಳದಿ ಜಿಲೆಟಿನ್ ಕಾಗದ ತಂದು ಡೂಮಿಗೆ (ಹೆಡ್‌ಲೈಟಿನ ಗಾಜಿಗೆ) ಅಂಟಿಸಿದೆ, ಅಲೇಕಾನ್ ಜಲಪಾತ ಬರುವಷ್ಟರಲ್ಲಿ ಮಳೆಗೆ ಕಿತ್ತುಕೊಂಡು ಹೋಯಿತು. 6000 ಬಿಟ್ಟು 4300 ಕೆಲ್ವಿನ್ ತಂದಿದ್ದರೆ ಬೆಳಕೂ ಸ್ವಲ್ಪ ಹೆಚ್ಚು ಸಿಗುತ್ತಿತ್ತು, ನೀಲಿಯೂ ಕಮ್ಮಿ ಇರುತ್ತಿತ್ತು. ಆದರೆ ಅಂಗಡಿಯಲ್ಲಿ ನಿಂತಾಗ ಬೆಳ್ಳಗಿದ್ದದ್ದೇ ಕಣ್ಣಿಗೆ ಬಿದ್ದದ್ದು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಡಗಡೆ ಚೋಕು ಸತ್ತಿತು. ಒಂದು ವರ್ಷ ವಾರಂಟಿ ಅಂತ ಬಿಲ್ಲಿನ ಮೇಲೇ ಸೀಲ್ ಹೊಡೆದಿದ್ದ ಅಂಗಡಿಯವನು, "ನೀರು ಹೋಗಿದೆ, ವಾರಂಟಿ ಬರಲ್ಲ" ಅಂದ. ಗಾಡಿಯ ಮುಂದಕ್ಕೆ ಕಟ್ಟುವ ಸಾಮಾನಿಗೆ ನೀರು ಬೀಳಬಾರದು ಅಂದರೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಪೂಜೆ ಮಾಡಬೇಕು. ಬೇರೆ ಚೋಕಿಗೆ 900. ಅದು ಬರುವ ತನಕ ಎಂಟು ದಿನ ಒಂದೇ ಕಣ್ಣಿನಲ್ಲಿ ಓಡಿಸಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಎದುರಿನವರು ಬೈಕ್ ಬರ್ತಿದೆ ಅಂದುಕೊಂಡು ನಮ್ಮ ಜಾಗಕ್ಕೇ ನುಗ್ಗುತ್ತಾರೆ. ಸೋಮನಕಾಡಿನ ಹತ್ತಿರ ಒಂದು ಜೀಪಿಗೂ ನನಗೂ ನಡುವೆ ಒಂದು ಗೇಣು ಉಳಿದಿತ್ತು.

ಇಷ್ಟಾದರೂ ನಾನು ಬಿಚ್ಚಿಸಲಿಲ್ಲ. ಬಿಚ್ಚಿಸಿದ್ದು ನೀರುದೋಸೆ ತಿನ್ನುವಾಗ.

ವಾಪಸ್ ಬರುವಾಗ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುವುದು ನನ್ನ ಅಭ್ಯಾಸ. 2024ರ ಮಾರ್ಚ್‌ನಲ್ಲಿ ಒಂದು ದಿನ ಪಕ್ಕದ ಬೆಂಚಿನಲ್ಲಿ ಕೆಂಪು ಬಸ್ಸಿನ ಡ್ರೈವರ್ ಒಬ್ಬರು ಕೂತಿದ್ದರು. ರಿಟೈರ್ ಆಗಲು ಒಂದೆರಡು ವರ್ಷ ಇರಬಹುದಾದಂಥವರು. ಹೊರಗೆ ನಿಂತಿದ್ದ ಗಾಡಿ ನೋಡಿ, "ಆ ಕೋಸಿನ ಗಾಡಿ ನಿಂದೇನಪ್ಪಾ?" ಅಂದರು. ಹೌದಣ್ಣಾ ಅಂದೆ. ಬೈತಾರೆ ಅಂದುಕೊಂಡೆ, ಬೈಯಲಿಲ್ಲ.

"ನಿನ್ ಗಾಡಿ ಬಂದ್ರೆ ನಾನು ಬಸ್ ನಿಲ್ಸ್‌ಬಿಡ್ತೀನಿ. ನೀನು ದಾಟೋ ತನಕ ತಡೆಗೋಡೆ ಎಲ್ಲೈತೆ ಅಂತ ಕಾಣಲ್ಲ. ಹಿಂದೆ ಜನ ಮಲಗಿರ್ತಾರೆ."

"ಅಣ್ಣಾ, ನಾನು ಡಿಮ್ಮಲ್ಲೇ ಇರ್ತೀನಲ್ಲ?"

"ಡಿಮ್ಮೇ ಹಿಂಗಿದ್ರೆ ಇನ್ನು ಬ್ರೈಟ್ ಹೆಂಗಿರ್ತದೋ" ಅಂತ ದೋಸೆ ಮುರಿದು ಚಟ್ನಿಗೆ ಅದ್ದಿಕೊಂಡರು. ಅಷ್ಟೇ ಮಾತು.

ನನಗೆ ದೋಸೆ ಇಳಿಯಲಿಲ್ಲ. ಎರಡು ವರ್ಷದಿಂದ ಎದುರಿನವರು ಡಿಪ್ ಹೊಡೆದು ಕೇಳುತ್ತಲೇ ಇದ್ದರು, ಲೈಟು ಇಳಿಸಪ್ಪಾ ಅಂತ. ನಾನೇನು ಮಾಡುತ್ತಿದ್ದೆ ಗೊತ್ತೇ? ನೋಡಯ್ಯಾ ನಾನು ಹೈ ಬೀಮಿನಲ್ಲಿಲ್ಲ ಅಂತ ತೋರಿಸಲು ಒಂದು ಸಲ ಹೈ ಬೀಮ್ ಹೊಡೆಯುತ್ತಿದ್ದೆ. ನನಗೆ ನನ್ನ ಸಾಚಾತನದ ಮೇಲೆ ಅಷ್ಟು ನಂಬಿಕೆ.

ಅವತ್ತು ಸಂಜೆ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದು, ಗಾಡಿಯನ್ನು ಶೆಡ್ಡಿನ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಎಡಕ್ಕೆ ಎಚ್‌ಐಡಿ, ಬಲಕ್ಕೆ ಅವನ ಅಂಗಡಿಯ ಮಾಮೂಲಿ ಹ್ಯಾಲೊಜನ್. ಹ್ಯಾಲೊಜನ್ ಬೆಳಕು ಗೋಡೆ ಮೇಲೆ ಸೊಂಟದೆತ್ತರಕ್ಕೆ ಒಂದು ಗೆರೆ ಹಾಕಿ ನಿಂತಿತು, ಗೆರೆಯ ಮೇಲೆ ಕತ್ತಲೆ. ಎಚ್‌ಐಡಿಗೆ ಗೆರೆಯೇ ಇಲ್ಲ. ಗೋಡೆ, ಸೂರು, ಮೇಲಿನ ಶೀಟು ಎಲ್ಲ ಬೆಳ್ಳಗೆ.

ಅವನು ಎರಡೂ ಬಲ್ಬು ಕೈಗೆ ಕೊಟ್ಟ. ಹ್ಯಾಲೊಜನ್ ಎಚ್4 ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಡಿಮ್ಮಿನ ತಂತಿಯ ಕೆಳಗೆ ಉದ್ಧರಣೆಯ ಬಾಯಷ್ಟು ಪುಟ್ಟ ತಗಡಿನ ಬಟ್ಟಲು. ಎದುರಿನವರ ಕಣ್ಣಿಗೆ ಹೋಗುವ ಬೆಳಕನ್ನು ಆ ಬಟ್ಟಲೇ ತಡೆಯೋದು. ಡೂಮಿನೊಳಗಿನ ರಿಫ್ಲೆಕ್ಟರಿನ ಒಂದೊಂದು ವಾಟವೂ ಆ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಚ್‌ಐಡಿ ಕಿಟ್ಟಿನಲ್ಲಿ ಇರೋದು ಒಂದೇ ಬುರುಡೆ. ಹೈ-ಡಿಮ್ ಮಾಡಿದಾಗ ಒಂದು ಕಾಯಿಲ್ ಅದನ್ನು ಟಕ್ ಅಂತ ಹಿಂದೆ ಮುಂದೆ ಎಳೆಯುತ್ತೆ. ಕಿಡಿಯ ಗಾತ್ರ ಬೇರೆ, ಕೂರುವ ಜಾಗ ಕೂದಲೆಳೆ ಬೇರೆ. ಮಾಮೂಲಿ ಡಿಮ್ಮಿನ ಮೂರು ಪಟ್ಟು ಬೆಳಕು, ಅದೂ ಲಗಾಮಿಲ್ಲದೆ. ಕಂಪನಿಯಿಂದಲೇ ಎಚ್‌ಐಡಿ ಹಾಕಿ ಬರುವ ಕಾರುಗಳಲ್ಲಿ ಅದಕ್ಕಂತಲೇ ಮಾಡಿದ ಪ್ರೊಜೆಕ್ಟರೋ (ಬೆಳಕನ್ನು ಗೆರೆಯೊಳಗೆ ಹಿಡಿಯುವ ಲೆನ್ಸು) ರಿಫ್ಲೆಕ್ಟರೋ ಇರುತ್ತೆ, ಹಿಂದೆ ಭಾರ ಬಿದ್ದರೆ ಲೈಟು ತಾನೇ ತಗ್ಗುವ ಏರ್ಪಾಡೂ ಇರುತ್ತೆ. ನಮ್ಮದು ಪಿಕಪ್ಪು. ಹಿಂದೆ ಟನ್ನುಗಟ್ಟಲೆ ಕೋಸು ಬಿದ್ದರೆ ಮುಂದಿನ ಮೂತಿ ಆಕಾಶಕ್ಕೆ. ಖಾಲಿ ಗಾಡಿಗೆ ಫೋಕಸ್ ಸೆಟ್ ಮಾಡಿಸಿದ್ದೆ ನಾನು, ಓಡಿಸುತ್ತಿದ್ದದ್ದು ಲೋಡು ಹೇರಿಕೊಂಡು.

ತೆಂಗಿನಮರದ ಗೊನೆ ಯಾಕೆ ಕಾಣುತ್ತಿತ್ತು ಅಂತ ಆಗ ತಲೆಗೆ ಹೋಯಿತು. ರಸ್ತೆಗೆ ಅಂತ ದುಡ್ಡು ಕೊಟ್ಟು ತಂದ ಬೆಳಕನ್ನು ಎರಡೂವರೆ ವರ್ಷ ಮರಕ್ಕೆ, ಮಂಜಿಗೆ, ಬಸ್ಸಿನ ಡ್ರೈವರ್ ಕಣ್ಣಿಗೆ ಹಂಚಿದ್ದೆ.

ಸಿಟ್ಟು ಬಂದದ್ದು ಅದರ ನಂತರದ ಸಂಗತಿಗೆ. ಹುಡುಗ ಮೀಟರ್ ತಂದು ಇಂಜಿನ್ ಚಾಲೂ ಇಟ್ಟು ಬ್ಯಾಟರಿಗೆ ಹಿಡಿದ, 13.6 ವೋಲ್ಟ್. ಹ್ಯಾಲೊಜನ್ ಬಲ್ಬಿನ ಹೋಲ್ಡರಿಗೆ ಹಿಡಿದ, 11.4. ಉಳಿದದ್ದು ಎಲ್ಲಿ ಹೋಯಿತು? ಹಳೇ ತೆಳು ವೈರು, ಕಪ್ಪಾದ ಸ್ವಿಚ್ಚು, ತುಕ್ಕು ಹಿಡಿದ ಅರ್ತಿಂಗ್, ಇವೇ ತಿಂದಿದ್ದವು. ಹ್ಯಾಲೊಜನ್ನಿಗೆ ವೋಲ್ಟು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ 30ರ ಹತ್ತಿರ ಇಳಿಯುತ್ತೆ. ನನ್ನ ಬುಡ್ಡಿ ದೀಪಕ್ಕೆ ಬೇಕಾಗಿದ್ದದ್ದು ಬ್ಯಾಟರಿಯಿಂದ ನೇರ ದಪ್ಪ ವೈರು, ಹಳೇ ಸ್ವಿಚ್ಚಿನ ಮೇಲೆ ಭಾರ ಬೀಳದೆ ಬಲ್ಬಿಗೆ ನೇರ ಕರೆಂಟು ಬಿಡುವ ಎರಡು ರಿಲೇ, ಅರ್ತಿಂಗಿಗೆ ಸ್ವಲ್ಪ ಉಪ್ಪುಕಾಗದ. ರಿಲೇ ಕಿಟ್ 850, ಒಳ್ಳೇ ಕಂಪನಿಯ 60/55 ಬಲ್ಬು ಜೋಡಿಗೆ 520. ಹೋಲ್ಡರಿನಲ್ಲಿ ಈಗ 13.2. "ಇದನ್ನ 2021ರಲ್ಲೇ ಯಾಕೋ ಹೇಳ್ಲಿಲ್ಲ?" ಅಂದೆ. "ನೀವು ಡಬ್ಬಿ ಹಿಡ್ಕೊಂಡೇ ಬಂದಿದ್ರಲ್ಲ ಅಣ್ಣ" ಅಂದ.

ದಂಡದ ಭಯಕ್ಕೆ ಬಿಚ್ಚಿಸಿದೆ ಅಂದುಕೊಳ್ಳಬೇಡಿ. ಕಣ್ಣು ಕುಕ್ಕುವ ಲೈಟುಗಳ ವಿರುದ್ಧ ರಾಜ್ಯದಲ್ಲಿ ಪೊಲೀಸರ ಕಾರ್ಯಾಚರಣೆ ಶುರುವಾದದ್ದು 2024ರ ಜುಲೈನಲ್ಲಿ, ನನ್ನದು ಯುಗಾದಿಗೇ ಹೋಗಿತ್ತು. ಗಾಡಿಯನ್ನು ಕಂಪನಿ ಕೊಟ್ಟ ಹಾಗಲ್ಲದೆ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಎಷ್ಟೋ ವರ್ಷದಿಂದ ಇದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅಂಗಡಿಯವರು ಮಾತ್ರ ಹೇಳುವುದಿಲ್ಲ.

ರಿಲೇ ಹಾಕಿಸಿ ಒಂದು ವರ್ಷ ದಾಟಿತು. ಎಚ್‌ಐಡಿಯಷ್ಟು ಬೆಳಕಿದೆಯೇ ಅಂದರೆ ಇಲ್ಲ. ಬಿಕ್ಕೋಡಿನ ಒಣ ರಸ್ತೆಯಲ್ಲಿ, ಹೈ ಬೀಮಿನಲ್ಲಿ ಅದರ ನೆನಪಾಗುತ್ತೆ, ಅಲ್ಲಿ ನಿಧಾನ ಹೋಗುತ್ತೇನೆ. ಘಾಟಿಯಲ್ಲಿ ಬಿಳಿ ಗೆರೆ ಮತ್ತೆ ಕಾಣುತ್ತಿದೆ. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ನಿಲ್ಲಿಸಿ ಕೈಮುಗಿಯುವಾಗ ಎದುರಿನಿಂದ ಆ ಕೆಂಪು ಬಸ್ಸು ಹತ್ತಿ ಬರುತ್ತೆ ಕೆಲವು ಸಲ, ನಿಲ್ಲದೆ ಹೋಗುತ್ತೆ. ಮಗಳಿಗೆ ಮಾತ್ರ ಬೇಜಾರು. ಈಗ ಸ್ವಿಚ್ ಹಾಕಿದ ತಕ್ಷಣ ಲೈಟು ಬಂದುಬಿಡುತ್ತೆ, ನೋಡೋಕೆ ಏನೂ ಇಲ್ಲ. ಮಲಗಿಬಿಡುತ್ತಾಳೆ.

ಕಿಟ್ಟು ಸೀಟಿನ ಹಿಂದೆ ಡಬ್ಬಿಯಲ್ಲಿ ಬಿದ್ದಿತ್ತು. ಒಂದನ್ನು ಹಳೇ ಬ್ಯಾಟರಿಗೆ ಸಿಕ್ಕಿಸಿ ಶೆಡ್ಡಿನಲ್ಲಿ ರಾತ್ರಿ ಟೊಮೆಟೊ ಆರಿಸೋಕೆ ಇಟ್ಟೆ. ಆ ಬೆಳಕಲ್ಲಿ ಹಣ್ಣೂ ದೋರೆಗಾಯಿಯೂ ಒಂದೇ ಬಣ್ಣ ಕಾಣುತ್ತೆ ಅಂತ ಹೆಂಡತಿ ಎರಡನೇ ದಿನವೇ ಕಿತ್ತಿಟ್ಟಳು. ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಬಂದು, "ಅಣ್ಣಾ, ಆ ಎಚ್‌ಐಡಿ ಎಂಟ್ನೂರಕ್ಕೆ ಕೊಡ್ತೀರಾ?" ಅಂದ. ಯಾವ ಗಾಡಿಗೋ ಅಂದೆ. ಬುಲೆಟ್ಟಿಗೆ ಅಂದ. ಎರಡೂ ಚೋಕು ಚೆನ್ನಾಗೇ ಇವೆ.

"ಸುಟ್ಟೋಗಿದೆ ಕಣೋ" ಅಂದೆ.